ಇಪ್ಪತ್ತು ಆಳಿನ ಅಂಗರಕ್ಷೆ

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಒಂದು ಛಾಪಾ ಕಾಗದ ಇದೆ. ಮಡಿಕೆ ಬಿದ್ದ ಜಾಗದಲ್ಲೆಲ್ಲ ಸವೆದು ಹೋಗಿ, ಎತ್ತಿ ಹಿಡಿದರೆ ಆಚೆ ಕಡೆಯ ಬೆಳಕು ಕಾಣುತ್ತದೆ. ಮೇಲೆ ದುಂಡು ಅಕ್ಷರದಲ್ಲಿ 'ಪಂಚಾಯ್ತಿ ಪಾರೀಕತ್ತು' ಅಂತ ಬರೆದಿದೆ. ಇಸವಿ 1978. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮೂರಲ್ಲಿ, ದೇವಸ್ಥಾನದ ಜಗಲಿ ಮೇಲೆ ಐದು ಜನ ಪಂಚರು ಕೂತು, ತಾತನ ಆಸ್ತಿಯನ್ನು ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಹಂಚಿಕೊಟ್ಟ ಪತ್ರ ಅದು.

ಓದಿದರೆ ಒಂದು ಸಂಸಾರವೇ ಕಣ್ಮುಂದೆ ಬರುತ್ತದೆ. ಕೆರೆ ಕೆಳಗಿನ ಗದ್ದೆ, ತೋಟದಲ್ಲಿ ಅರ್ಧ ಅಣ್ಣನಿಗೆ. ರಸ್ತೆ ಪಕ್ಕದ ಹೊಲ, ತೋಟದಲ್ಲಿ ಇನ್ನರ್ಧ ತಮ್ಮನಿಗೆ. ಬಾವಿ ನೀರು ದಿನ ಬಿಟ್ಟು ದಿನ. ತೆಂಗಿನ ಮರಗಳನ್ನು ಎಣಿಸಿ ಬರೆದಿದ್ದಾರೆ, ತಾಮ್ರದ ಹಂಡೆ ಯಾರಿಗೆ ಅಂತಲೂ ಬರೆದಿದ್ದಾರೆ. ಕೊನೆಯಲ್ಲಿ ಎರಡು ಸಾಲು. ಒಂದು: ದೇವಸ್ಥಾನದ ಪೂಜೆ ಒಂದು ವರ್ಷ ಅಣ್ಣನ ಮನೆಯದು, ಒಂದು ವರ್ಷ ತಮ್ಮನ ಮನೆಯದು. ಇನ್ನೊಂದು: ಹೆಣ್ಣುಮಕ್ಕಳಿಬ್ಬರಿಗೆ ಗೌರಿ ಹಬ್ಬಕ್ಕೆ ಬಾಗಿನ. ಕೆಳಗೆ ಪಂಚರ ಸಹಿ, ಅದರಲ್ಲಿ ಎರಡು ಹೆಬ್ಬೆಟ್ಟು.

ನಲವತ್ತು ವರ್ಷ ಆ ಕಾಗದವನ್ನು ಯಾರೂ ಟ್ರಂಕಿನಿಂದ ಆಚೆ ತೆಗೆಯಲಿಲ್ಲ. ತೆಗೆಯುವ ಅಗತ್ಯವೇ ಬೀಳಲಿಲ್ಲ. ಆಮೇಲೆ ರಸ್ತೆ ಅಗಲ ಮಾಡುವವರು ಬಂದರು. ಚಿಕ್ಕಪ್ಪನ ಹೊಲದಲ್ಲಿ ಅರ್ಧ ಹೋಯಿತು, ಪರಿಹಾರದ ದುಡ್ಡು ಮಂಜೂರಾಯಿತು. ನೋಡಿದರೆ ಆ ಹೊಲದ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಎಲ್ಲ ವಾರಸುದಾರರೂ ಸಹಿ ಹಾಕಬೇಕು ಅಂದರು. ಎಲ್ಲರೂ ಅಂದರೆ ನನ್ನ ಇಬ್ಬರು ಅತ್ತೆಯರೂ ಸೇರಿ. ದೊಡ್ಡತ್ತೆ ಪೆನ್ನು ಕೈಗೆ ತಗೊಂಡವರು ಕೇಳಿದರು: "ಸಹಿ ಮಾತ್ರ ನಮ್ದು ಬೇಕೇನಪ್ಪಾ?"

ಅಲ್ಲಿಂದ ಶುರುವಾದದ್ದು ಪಾಲು ದಾವೆ. ಅತ್ತೆಯರು ವಾದಿಗಳು. ಅಪ್ಪ ಒಂದನೇ ಪ್ರತಿವಾದಿ, ಚಿಕ್ಕಪ್ಪ ಎರಡನೆಯವರು.

ವಕೀಲರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಅಪ್ಪನನ್ನು ಕೇಳಿದರು: "ಯಜಮಾನ್ರೇ, ಇದು ಏನು? ಪಂಚರ ಐತೀರ್ಪಾ, ಪಾಲುಪತ್ರಾನಾ, ಇಲ್ಲಾ ಸುಮ್ನೆ ಜ್ಞಾಪಕಕ್ಕೆ ಬರ್ಕೊಂಡಿದ್ದಾ?"

"ಅದೆಲ್ಲ ಗೊತ್ತಿಲ್ಲ ಸಾರ್. ಪಂಚರು ಹೇಳಿದ್ರು, ನಾವು ಹೂಂ ಅಂದ್ವಿ."

"ಹಂಗಲ್ಲ. ಈ ಕಾಗದ ಬಿದ್ದೋದ್ರೆ ನಿಮಗೇನೂ ನಷ್ಟ ಇಲ್ಲ. ಪರಿಹಾರದ ದುಡ್ಡಲ್ಲಿ ನಿಮಗೂ ಒಂದು ಪಾಲು ಬರುತ್ತೆ. ಯೋಚನೆ ಮಾಡಿ."

ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿಯಾಗಿತ್ತು. ಕಾಗದ ನಿಜ ಅಂದರೆ ಆ ದುಡ್ಡು ಚಿಕ್ಕಪ್ಪನದು. ಕಾಗದ ಸುಳ್ಳು ಅಂದರೆ ನಾಲ್ಕು ಪಾಲು, ಅದರಲ್ಲಿ ಒಂದು ನಮ್ಮದು. ಅಪ್ಪ ಯೋಚನೆ ಮಾಡಲಿಲ್ಲ. "ಪಂಚರ ಮುಂದೆ ಹೂಂ ಅಂದಿದ್ದೀನಿ" ಅಂತ ಎದ್ದು ಬಂದರು. ಯೋಚನೆ ಮಾಡಿದ್ದು ನಾನು. ನಾನು ಸಾಫ್ಟ್‌ವೇರ್ ಕೆಲಸದವನು, ಲಾಯರ್ ಅಲ್ಲ. ಆದರೆ ಒಂದು ವಾಯಿದೆಗೂ ಇನ್ನೊಂದು ವಾಯಿದೆಗೂ ನಡುವೆ ಸಿಗುವ ಸಮಯದಲ್ಲಿ ಬೇಕಾದಷ್ಟು ಓದಬಹುದು. ನನ್ನ ಪ್ರಶ್ನೆ ಒಂದೇ: ಪಂಚರು ನ್ಯಾಯ ಹೇಳಿದರು, ಸರಿ. ಹೇಳಿದ್ದನ್ನು ನಡೆಸುವವರು ಯಾರು?

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಶ್ರವಣಬೆಳಗೊಳದಲ್ಲಿ. ಅವತ್ತು ಹನ್ನೊಂದು ಗಂಟೆಗೇ ಕೇಸು ಮುಂದಕ್ಕೆ ಹೋಯಿತು. ಚನ್ನರಾಯಪಟ್ಟಣದಿಂದ ಬೆಳಗೊಳ ಎಷ್ಟು ದೂರ, ಅಪ್ಪನನ್ನು ಕೂರಿಸಿಕೊಂಡು ಹೋದೆ. ಬೆಟ್ಟ ಹತ್ತುವ ಶಕ್ತಿ ಅವರಿಗಿಲ್ಲ. ಊರೊಳಗಿನ ಭಂಡಾರಿ ಬಸದಿಗೆ ಹೋದೆವು. ಅಲ್ಲಿನ ಒಂದು ಶಾಸನದ ಬಗ್ಗೆ ಸ್ಕೂಲಿನಲ್ಲಿ ನೀವೂ ಓದಿರುತ್ತೀರಿ: ಬುಕ್ಕರಾಯನ 1368ರ ಶಾಸನ, ಜೈನರಿಗೂ ಶ್ರೀವೈಷ್ಣವರಿಗೂ ಬಂದಿದ್ದ ಜಗಳವನ್ನು ರಾಜ ತೀರಿಸಿದ್ದು. ಪರೀಕ್ಷೆಯಲ್ಲಿ 'ಧರ್ಮ ಸಹಿಷ್ಣುತೆ' ಅಂತ ಎರಡು ಮಾರ್ಕಿಗೆ ಬರೆದು ಮರೆತಿರುತ್ತೀರಿ. ನಾನೂ ಹಾಗೇ ಮಾಡಿದ್ದೆ. ಕೋರ್ಟಿನಿಂದ ನೇರ ಬಂದು ಅದರ ಪಾಠವನ್ನು ಮೊಬೈಲಿನಲ್ಲಿ ಓದಿದಾಗ ಅದು ಬೇರೆಯೇ ಕಂಡಿತು.

ಜಗಳ ಏನು? ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆ ಅಂತ ಭವ್ಯರು, ಅಂದರೆ ಜೈನರು, ಬುಕ್ಕರಾಯನಿಗೆ ದೂರು ಕೊಟ್ಟರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಹೀಗೆ ಎಲ್ಲ ನಾಡುಗಳ ಜೈನರು ಸೇರಿ ಕೊಟ್ಟ ದೂರು. ರಾಜ ಒಬ್ಬನೇ ಕೂತು ತೀರ್ಪು ಬರೆಯಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಸೇರಿಸಿದ. ಎಲ್ಲರ ಮುಂದೆ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ, ಪಂಚಮಹಾವಾದ್ಯ ಮತ್ತು ಕಳಶ ಜೈನರಿಗೂ ಹಿಂದಿನಿಂದ ಬಂದಂತೆ ಸಲ್ಲುತ್ತದೆ ಅಂತ ಹೇಳಿದ. ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ನಡೆಸುವ ವ್ಯವಸ್ಥೆ ಶುರುವಾಗುವುದೇ ಇಲ್ಲಿಂದ. ರಾಜ್ಯದ ಜೈನರು ಬಾಗಿಲುಗಟ್ಟಲೆ, ಅಂದರೆ ಮನೆ ಮನೆಗೆ, ವರ್ಷಕ್ಕೆ ಒಂದು ಹಣ ಕೊಡಬೇಕು. ಅದನ್ನು ಎತ್ತುವವರು ತಿರುಮಲೆಯ ತಾತಯ್ಯ, ಎಂದರೆ ಎದುರು ಪಕ್ಷದ ಹಿರಿಯರು. ಆ ದುಡ್ಡಿನಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವರು ರಾಜದ್ರೋಹಿ, ಸಂಘ ಸಮುದಾಯಕ್ಕೆ ದ್ರೋಹಿ. ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸಬೇಕು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿ ಇದೆ. ಬೆಳಗೊಳದ ಕಲ್ಲಿನ ಕೊನೆಯಲ್ಲಿ ಮತ್ತೂ ಒಂದು ಮಾತಿದೆ. ಕಲ್ಲೇಹದ ಬುಸುವಿ ಸೆಟ್ಟಿ ಅನ್ನುವವನು ರಾಜನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಕಡೆಯವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.

ಅಂದರೆ ತೀರ್ಪು ಎರಡು ಸಾಲು, ಅದನ್ನು ನಡೆಸುವ ಏರ್ಪಾಡು ಇಪ್ಪತ್ತು ಸಾಲು. ಬಜೆಟ್ ಇದೆ, ಕಾವಲು ಇದೆ, ದಂಡನೆ ಇದೆ, ಹಲವು ಊರಲ್ಲಿ ಪ್ರತಿ ಇದೆ, ಸಡಿಲವಾದಾಗ ಮತ್ತೆ ಬಿಗಿ ಮಾಡಲು ಒಬ್ಬ ಮನುಷ್ಯ ಇದ್ದಾನೆ. ಸೌಹಾರ್ದದ ಮಾತನ್ನು ಆಡಿ ಕೈ ತೊಳೆದುಕೊಂಡರೆ ಸೌಹಾರ್ದ ಉಳಿಯುವುದಿಲ್ಲ ಅಂತ ಬುಕ್ಕರಾಯನಿಗೆ ಗೊತ್ತಿತ್ತು. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಪಂಚರಿಗೆ ಆಳು ಯಾರಿದ್ರು?" ಅಂದರು.

ಒಳ್ಳೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಇನ್ನೂ ಸ್ವಲ್ಪ ಹಿಂದೆ ಹೋಗಬೇಕು, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಅನ್ನುವ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಂ ಕಡೆ ಬಿಟ್ಟರೆ ದೇಶದ ಬಹುಪಾಲು ಹಿಂದೂ ಅವಿಭಕ್ತ ಕುಟುಂಬಗಳ ಆಸ್ತಿ ಕಾನೂನು ನಿಂತಿರುವುದು ಆ ಪುಸ್ತಕದ ಮೇಲೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಅನ್ನುವ ತತ್ವ ಅಲ್ಲಿಯದು. ಯಾಜ್ಞವಲ್ಕ್ಯ ಹೇಳುವ ನ್ಯಾಯದ ಮೆಟ್ಟಿಲುಗಳನ್ನೂ ವಿಜ್ಞಾನೇಶ್ವರ ವಿವರಿಸುತ್ತಾನೆ. ಕೆಳಗಿನದು ಕುಲ, ಅಂದರೆ ನೆಂಟರಿಷ್ಟರ ಕೂಟ. ಅದರ ಮೇಲೆ ಶ್ರೇಣಿ, ಒಂದೇ ಕಸುಬಿನವರು. ಅದರ ಮೇಲೆ ಪೂಗ, ಒಂದೇ ಊರಿನ ಬೇರೆ ಬೇರೆ ಜನ. ಎಲ್ಲಕ್ಕಿಂತ ಮೇಲೆ ರಾಜ ನೇಮಿಸಿದವರು. ಕೆಳಗೆ ಸೋತವನು ಮೇಲಿನ ಮೆಟ್ಟಿಲಿಗೆ ಹೋಗಬಹುದು.

ಆ ಲೆಕ್ಕದಲ್ಲಿ ನಮ್ಮ ಪಂಚರು ಪೂಗ. ಹಳೇ ಶಾನುಭೋಗರು, ಹಳೇ ಪಟೇಲರು, ಒಬ್ಬ ಮೇಷ್ಟ್ರು, ಇಬ್ಬರು ರೈತರು. ಅವರಿಗೆ ಆಳು ಇರಲಿಲ್ಲ ನಿಜ, ಆದರೆ ಊರು ಇತ್ತು. ಅವರ ಮಾತು ಮೀರಿದರೆ ನಿಮ್ಮ ಮನೆ ಮದುವೆಗೆ ಯಾರೂ ಬರುವುದಿಲ್ಲ, ಸುಗ್ಗಿಯಲ್ಲಿ ಕೈಗಡ ಎತ್ತು ಸಿಗುವುದಿಲ್ಲ, ಸಾವಾದರೆ ಹೊರಲು ಹೆಗಲು ಸಿಗುವುದಿಲ್ಲ. ಅದೇ ಅಂಗರಕ್ಷೆ. ಬಹಿಷ್ಕಾರದ ಭಯ ಅಂತಲೂ ಅದನ್ನೇ ಕರೆಯಬಹುದು. ಹಳ್ಳಿಯ ಪಂಚಾಯ್ತಿಯನ್ನು ನೆನೆದು ನಿಟ್ಟುಸಿರು ಬಿಡುವ ನಾವು ಈ ಕೊನೆಯ ಭಾಗವನ್ನು ಹೇಳುವುದಿಲ್ಲ.

ಈಗ ಒಂದು ಪದದ ಕತೆ. ನೀವು ಕಂಪನಿ ಬಿಡುವಾಗ ಎಚ್‌ಆರ್‌ಗೆ ಕೊಡುವುದು ರಾಜೀನಾಮೆ. 'ರಾಜಿ' ಅಂದರೆ ಒಪ್ಪಿಗೆ, 'ನಾಮೆ' ಅಂದರೆ ಪತ್ರ. ಒಪ್ಪಿಗೆ ಪತ್ರಕ್ಕೂ ಕೆಲಸ ಬಿಡುವುದಕ್ಕೂ ಎಲ್ಲಿಯ ಸಂಬಂಧ? ಮರಾಠರ ಕಾಲದಲ್ಲಿ ಪಂಚಾಯ್ತಿ ಶುರುವಾಗುವ ಮುಂಚೆ ಎರಡೂ ಕಡೆಯವರು 'ಪಂಚರು ಹೇಳಿದ್ದಕ್ಕೆ ನಾವು ರಾಜಿ' ಅಂತ ಬರೆದುಕೊಡಬೇಕಿತ್ತು. ಅದು ರಾಜೀನಾಮೆ. ಜೊತೆಗೆ ಜಾಮೀನು. ಮುಂದೆ ಮುಂಬೈ ಪ್ರಾಂತ್ಯದ ಕಂದಾಯ ಕಡತಗಳಲ್ಲಿ ಜಮೀನಿನ ಹಕ್ಕು ಬಿಟ್ಟುಕೊಡುವ ಪತ್ರಕ್ಕೂ ಅದೇ ಹೆಸರಾಯಿತು. ಈಗ ನಾವು ಬಿಟ್ಟುಕೊಡುವುದು ಕುರ್ಚಿ ಮತ್ತು ಲ್ಯಾಪ್‌ಟಾಪ್.

1818ರಲ್ಲಿ ಪೇಶ್ವೆಗಳು ಸೋತು ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಬಂತು. ಮರುವರ್ಷ ಎಲ್ಫಿನ್‌ಸ್ಟನ್ ಬರೆದ ವರದಿಯಲ್ಲಿ ಪಂಚಾಯ್ತಿಯ ಬಗ್ಗೆ ದೀರ್ಘ ವಿವರ ಇದೆ. ಜನಕ್ಕೆ ಅದರ ಮೇಲೆ ನಂಬಿಕೆ ಇದೆ, ಖರ್ಚು ಕಮ್ಮಿ, ಆದರೆ ಬಾರದವರನ್ನು ಕರೆಸುವ ಶಕ್ತಿ, ಹೇಳಿದ್ದನ್ನು ನಡೆಸುವ ಶಕ್ತಿ ಪಂಚರ ಕೈಯಲ್ಲಿ ಇಲ್ಲ ಅನ್ನುವುದು ಅವನ ಅಭಿಪ್ರಾಯ. ಅದಕ್ಕೆ ಸರ್ಕಾರವೇ ಬೇಕು. ಅತ್ತ ಮದ್ರಾಸ್ ಪ್ರಾಂತ್ಯದಲ್ಲಿ ಥಾಮಸ್ ಮನ್ರೋ. ಟಿಪ್ಪು ಸತ್ತ ಮೇಲೆ ನಮ್ಮ ಕರಾವಳಿಯ ಕೆನರಾಕ್ಕೆ ಮೊದಲ ಕಲೆಕ್ಟರ್ ಆಗಿ ಬಂದವನು. ಅವನ ಒತ್ತಾಯದಿಂದ 1816ರಲ್ಲಿ ಗ್ರಾಮ ಪಂಚಾಯ್ತಿಗಳಿಗೆ ವ್ಯಾಜ್ಯ ತೀರಿಸುವ ಅಧಿಕಾರ ಕೊಡುವ ಕಾಯ್ದೆಗಳು ಬಂದವು. ಜನ ಅದನ್ನು ಹೆಚ್ಚು ಬಳಸಲೇ ಇಲ್ಲ. ಪಕ್ಕದಲ್ಲೇ ಕೋರ್ಟು ಬಾಗಿಲು ತೆರೆದು ಕೂತಿತ್ತು. ಕೋರ್ಟಿನ ಹಿಂದೆ ಅಮೀನ ಇದ್ದ, ಜಫ್ತಿ ಇತ್ತು, ಜೈಲು ಇತ್ತು.

ಇಲ್ಲಿಂದ ಮುಂದಿನ ಇನ್ನೂರು ವರ್ಷದ ಕತೆ ಒಂದು ಚೌಕಾಸಿಯ ಕತೆ. ಪಂಚರು ಹೇಳ್ತಾರೆ: ನಮ್ಮ ತೀರ್ಪಿಗೆ ನಿಮ್ಮ ಅಮೀನನನ್ನು ಕೊಡಿ. ಸರ್ಕಾರ ಹೇಳುತ್ತದೆ: ಕೊಡ್ತೀವಿ, ಆದರೆ ಶರತ್ತಿದೆ.

1859ರ ಸಿವಿಲ್ ಪ್ರೊಸೀಜರ್ ಕೋಡ್ ಮೊದಲ ಶರತ್ತು ಹಾಕಿತು. ಕೋರ್ಟಿಗೆ ಬರದೆ ನೀವೇ ಪಂಚರನ್ನು ಕೂರಿಸಿ ತೀರ್ಪು ಪಡೆದಿದ್ದರೆ ಆರು ತಿಂಗಳೊಳಗೆ ಅದನ್ನು ಕೋರ್ಟಿಗೆ ತಂದು ದಾಖಲು ಮಾಡಿ, ಆಮೇಲೆ ಅಮಲ್ಜಾರಿ. 1899ರಲ್ಲಿ ದೊಡ್ಡ ವ್ಯಾಪಾರಿ ಪಟ್ಟಣಗಳಿಗೆ ಪ್ರತ್ಯೇಕ ಕಾಯ್ದೆ. 1908ರ ಕೋಡಿನಲ್ಲಿ ಉಳಿದವರಿಗೆ ಒಂದು ಪರಿಶಿಷ್ಟ. 1929ರಲ್ಲಿ ಒಂದು ಸಣ್ಣ ತಿದ್ದುಪಡಿ ಬಂತು, ಅದು ನಮ್ಮಂಥ ಸಂಸಾರಗಳಿಗೆ ದೊಡ್ಡ ಪೆಟ್ಟು. ಅಲ್ಲಿಯವರೆಗೆ ಪಂಚರ ತೀರ್ಪಿಗೆ ನೋಂದಣಿಯಿಂದ ವಿನಾಯಿತಿ ಇತ್ತು. ಆ ವಿನಾಯಿತಿಯನ್ನು ತೆಗೆದುಹಾಕಿದರು. ನೂರು ರೂಪಾಯಿ ಅಥವಾ ಅದಕ್ಕಿಂತ ಬೆಲೆಬಾಳುವ ಸ್ಥಿರಾಸ್ತಿಯ ಹಕ್ಕನ್ನು ಪಂಚರು ಹಂಚಿದರೆ ಅದನ್ನು ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬೇಕು. ಆ ನೂರು ರೂಪಾಯಿ ಮಿತಿ 1978ರಲ್ಲೂ ನೂರೇ ಇತ್ತು. ನೂರು ರೂಪಾಯಿಗೆ ಕಮ್ಮಿ ಬೆಲೆಯ ಹೊಲ ನಮ್ಮೂರಲ್ಲಿ ಯಾವ ಕಾಲಕ್ಕೆ ಇತ್ತೋ.

1940ರಲ್ಲ್ಲಿ ಎಲ್ಲಕ್ಕೂ ಒಂದೇ ಆರ್ಬಿಟ್ರೇಷನ್ ಆಕ್ಟ್. ನಮ್ಮ ಪಂಚರು ಜಗಲಿ ಮೇಲೆ ಕೂತಿದ್ದಾಗ ಚಾಲ್ತಿಯಲ್ಲಿದ್ದದ್ದು ಇದೇ. ಅದರ ಪ್ರಕಾರ ಪಂಚರ ತೀರ್ಪು ತನ್ನಷ್ಟಕ್ಕೆ ಅಮಲಿಗೆ ಬರುವುದಿಲ್ಲ. ಕೋರ್ಟಿಗೆ ಸಲ್ಲಿಸಬೇಕು, ಕೋರ್ಟು ಅದರಂತೆ ಜಡ್ಜ್‌ಮೆಂಟ್ ಕೊಟ್ಟು ಡಿಕ್ರಿ ಮಾಡಬೇಕು. ಸಲ್ಲಿಸಿ ಅಂತ ಕೇಳುವುದಕ್ಕೆ ತೀರ್ಪಾದ ನೋಟಿಸ್ ಮುಟ್ಟಿದ ದಿನದಿಂದ 30 ದಿನ ಗಡುವು. ನಮ್ಮ ತಾತನಿಗೆ ಗಡುವು ಗೊತ್ತಿತ್ತೇ? ಪಂಚರಿಗೆ? ಕಾಗದವನ್ನು ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟರು, ಆಮೇಲೆ ಟ್ರಂಕಿಗೆ ಹಾಕಿದರು.

ಆ ಕಾಯ್ದೆಯ ಕೆಳಗೆ ನಡೆದ ಮೊಕದ್ದಮೆಗಳ ಗೋಜಲು ನೋಡಿ ಸುಪ್ರೀಂ ಕೋರ್ಟಿನ ಡಿ. ಎ. ದೇಸಾಯಿಯವರು 1981ರಲ್ಲಿ ಬೇಸತ್ತು ಬರೆದರು. ವಕೀಲರು ನಗುವಂತೆ, ನ್ಯಾಯ ಚಿಂತಕರು ಅಳುವಂತೆ ಆಗಿದೆ ಅಂತ ಅದರ ತಾತ್ಪರ್ಯ. ಕೋರ್ಟು ತಪ್ಪಿಸಲು ಪಂಚರ ಹತ್ತಿರ ಹೋಗಿ, ಪಂಚರ ತೀರ್ಪು ನಡೆಸಲು ಮತ್ತೆ ಕೋರ್ಟಿಗೇ ಬರುವುದು. ಕೊನೆಗೆ 1996ರ ಕಾಯ್ದೆ ಆ ನಡುವಿನ ಮೆಟ್ಟಿಲನ್ನು ತೆಗೆಯಿತು. ಈಗ ಪಂಚರ ತೀರ್ಪನ್ನು ಪ್ರಶ್ನಿಸಬೇಕಾದರೆ ಮೂರು ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನೊಂದು 30 ದಿನ. ಆ ಅವಧಿ ಕಳೆದರೆ ತೀರ್ಪೇ ಡಿಕ್ರಿಯಂತೆ, ನೇರ ಅಮಲ್ಜಾರಿ. ಸುಮ್ಮನೆ ಆಕ್ಷೇಪಣೆ ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುತ್ತಿದ್ದ ರೂಢಿಯನ್ನೂ 2015ರ ತಿದ್ದುಪಡಿ ತೆಗೆಯಿತು. ಆದರೆ ಛಾಪಾ ಸುಂಕ, ನೋಂದಣಿ ಎರಡೂ ಉಳಿದವು. ಅವನ್ನು ಕೇಳಬೇಕಾದದ್ದು ಅಮಲ್ಜಾರಿಯ ಹೊತ್ತಿನಲ್ಲಿ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೆದ್ದು ಬಂದು ಬಾಗಿಲು ಬಡಿಯುವಾಗ 'ನೋಂದಣಿ ಎಲ್ಲಿ?' ಅಂತ ಕೇಳಿಸಿಕೊಳ್ಳಬೇಕಾಗಬಹುದು. 1872ರಲ್ಲೇ ಪ್ರಿವಿ ಕೌನ್ಸಿಲ್ ಅಂದಿತ್ತು, ಭಾರತದಲ್ಲಿ ದಾವೆದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕಿದ ಮೇಲೆ ಅಂತ.

ವಕೀಲರು ಕೇಳಿದ ಆ ಮೂರು ಪ್ರಶ್ನೆಯ ಅರ್ಥ ಈಗ ಗೊತ್ತಾಗುತ್ತದೆ. ನಮ್ಮ ಕಾಗದ ಐತೀರ್ಪು ಅಂದರೆ, ಕೋರ್ಟಿಗೆ ಸಲ್ಲಿಸಿಲ್ಲ, ನೋಂದಣಿ ಇಲ್ಲ. ಪಾಲುಪತ್ರ ಅಂದರೆ, ನಾಲ್ಕು ತಿಂಗಳಲ್ಲಿ ನೋಂದಾಯಿಸಬೇಕಿತ್ತು, ಆಗಿಲ್ಲ. ಛಾಪಾ ಸುಂಕ ಕಮ್ಮಿ ಇದ್ದರೆ ಹತ್ತು ಪಟ್ಟು ದಂಡ ಕಟ್ಟಿ ಸರಿಮಾಡಬಹುದು, ನೋಂದಣಿಗೆ ಆ ದಾರಿಯಿಲ್ಲ. ಉಳಿದದ್ದು ಮೂರನೆಯದು: ಬಾಯಿಮಾತಿನಲ್ಲಿ ಮೊದಲೇ ಹಂಚಿಕೊಂಡಿದ್ದೆವು, ಮರೆಯದಿರಲಿ ಅಂತ ಬರೆದಿಟ್ಟ ಪಟ್ಟಿ ಇದು. ಅಂಥ ಪಟ್ಟಿಗೆ ನೋಂದಣಿ ಬೇಡ, ಮನೆಯವರು ಒಪ್ಪಿ ಮಾಡಿಕೊಂಡ ಏರ್ಪಾಡನ್ನು ಕೋರ್ಟುಗಳು ಸುಲಭಕ್ಕೆ ಕೆಡವಬಾರದು ಅಂತ 1976ರ ಒಂದು ತೀರ್ಪು ಇದೆ. ಅದಕ್ಕೂ ಮುಂಚೆ 1961ರಲ್ಲಿ, ಪಂಚರು ಹಂಚಿಕೊಟ್ಟದ್ದನ್ನು ಎಲ್ಲರೂ ಒಪ್ಪಿ, ಸ್ವಾಧೀನ ತಗೊಂಡು ನಡೆದುಕೊಂಡ ಮೇಲೆ ನೋಂದಣಿ ಇಲ್ಲ ಅನ್ನುವ ನೆಪದಲ್ಲಿ ಹಿಂದಕ್ಕೆ ಹೋಗಲಾಗದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಅಂದರೆ ಕಾಗದಕ್ಕಿಂತ ನಡತೆ ದೊಡ್ಡದು. ಅಪ್ಪನ 'ಹೂಂ'ಗೆ ಬೆಲೆ ಇದೆ. ಓದಿ ನನಗೆ ಸಂತೋಷವಾಯಿತು.

ಆ ಸಂತೋಷ ಹೆಚ್ಚು ದಿನ ಇರಲಿಲ್ಲ. ಒಂದು ಭಾನುವಾರ ಚಿಕ್ಕತ್ತೆಯ ಮನೆಗೆ ಹೋಗಿದ್ದೆ. ಕೇಸು ಅಂತ ಮಾತು ಬಿಡುವವರಲ್ಲ ಅವರು. ಕಾಫಿ ಕೊಟ್ಟು ಕೇಳಿದರು: "ನಿಮ್ಮಪ್ಪ ಪಂಚರ ಮುಂದೆ ಹೂಂ ಅಂದೆ ಅಂತಾನೆ. ಅವನು ಅಂದ, ನಿಮ್ಮ ಚಿಕ್ಕಪ್ಪ ಅಂದ. ನಾವು ಯಾವಾಗ ಹೂಂ ಅಂದ್ವಿ ಮಗ? ಅವತ್ತು ನಾವಿಬ್ರೂ ಒಳಗೆ ಪಂಚರಿಗೆ ಅಡುಗೆ ಮಾಡ್ತಿದ್ವಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನಿನ ಹತ್ತಿರವೂ ಬಹಳ ಕಾಲ ಇರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ತಂದಿತ್ತು, ಆದರೆ ಮದುವೆಯಾಗಿ ಹೋದ ಮಗಳಿಗೆ ಅಣ್ಣತಮ್ಮಂದಿರ ಸಮಕ್ಕೆ ಪಾಲು ಅದರಲ್ಲಿಲ್ಲ. 1994ರಲ್ಲಿ ಕರ್ನಾಟಕದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದ ಹಕ್ಕು ಅಂದಿತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತು. ಅತ್ತೆಯರಿಗೆ ಬಾಗಿಲು ತೆರೆದದ್ದು 2005ರ ಕೇಂದ್ರ ತಿದ್ದುಪಡಿ. ಅದರಲ್ಲಿ ಒಂದು ಗೆರೆ ಇದೆ: 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಪಾಲುಗಳನ್ನು ಮುಟ್ಟುವುದಿಲ್ಲ, ಆದರೆ ಆ ಪಾಲು ನೋಂದಣಿಯಾದ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿರಬೇಕು. ಬಾಯಿಮಾತಿನ ಪಾಲನ್ನು ಸರ್ಕಾರಿ ದಾಖಲೆಗಳ ಬೆಂಬಲ ಇದ್ದಾಗ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಯಾಕೆ ಇಷ್ಟು ಬಿಗಿ? ಮಗಳಿಗೆ ಪಾಲು ತಪ್ಪಿಸಲು ಹಿಂದಿನ ತಾರೀಕು ಹಾಕಿ ಪಾರೀಕತ್ತು ಹುಟ್ಟಿಸುವವರಿದ್ದಾರೆ ಅಂತ.

ನಮ್ಮ ಕಾಗದ ಹುಟ್ಟಿಸಿದ್ದಲ್ಲ. ಆದರೆ ಪಹಣಿ ಬದಲಾಗಿಲ್ಲ, ಅದೂ ನಿಜ. ಇಷ್ಟು ದಿನ ನೋಂದಣಿ, ಛಾಪಾ, ಗಡುವು ಎಲ್ಲ ಬ್ರಿಟಿಷರು ಬಿಟ್ಟುಹೋದ ಕಿರಿಕಿರಿ ಅಂತ ಓದುತ್ತಾ ಬಂದವನಿಗೆ ಇನ್ನೊಂದು ಮುಖ ಕಂಡಿತು. ಕೋರ್ಟು ತನ್ನ ಅಮೀನನನ್ನು ಕಳಿಸುವ ಮುಂಚೆ 'ಯಾರ್ಯಾರು ಹೂಂ ಅಂದಿದ್ದಾರೆ, ತೋರಿಸಿ' ಅಂತ ಕೇಳುತ್ತದೆ. ಜಗಲಿ ಮೇಲೆ ಕೂತ ಐವರು ಆ ಪ್ರಶ್ನೆ ಕೇಳಲಿಲ್ಲ. ಅವರು ಕೆಟ್ಟವರಲ್ಲ. ಅಡುಗೆಮನೆಯಲ್ಲೂ ವಾರಸುದಾರರಿದ್ದಾರೆ ಅಂತ ಅವರಿಗೆ ಹೊಳೆಯಲೇ ಇಲ್ಲ.

ದೇವಸ್ಥಾನದ ಸಾಲಿಗೆ ಬಂದರೆ ಈ ಪ್ರಶ್ನೆ ಇನ್ನೂ ಆಳ. ಹೊಲದ ವಿಷಯದಲ್ಲಿ ಹೂಂ ಅನ್ನಬೇಕಾದವರು ನಾಲ್ಕು ಜನ. ದೇವರ ವಿಷಯದಲ್ಲಿ? 1925ರಲ್ಲಿ ಕಲ್ಕತ್ತಾದ ಮಲ್ಲಿಕ್ ಮನೆತನದ ಜಗಳ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. ಮನೆದೇವರ ಪೂಜೆ ಅಣ್ಣತಮ್ಮಂದಿರಿಗೆ ಸರದಿಯಲ್ಲಿ. ಒಬ್ಬ ತನ್ನ ಸರದಿ ಬಂದಾಗ ವಿಗ್ರಹವನ್ನು ತನ್ನ ಮನೆಗೆ ಒಯ್ಯುತ್ತೇನೆ ಅಂದ. ವಿಗ್ರಹ ಹಂಡೆಯಂತಲ್ಲ, ಅದು ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ, ಅದರ ಇಚ್ಛೆಯನ್ನೂ ಕೇಳಬೇಕು ಅಂದಿತು ಪ್ರಿವಿ ಕೌನ್ಸಿಲ್. ಜಗಳದಲ್ಲಿ ಲಾಭ ಇಲ್ಲದ ಒಬ್ಬರು ದೇವರ ಪರವಾಗಿ ನಿಲ್ಲಲಿ ಅಂತ ಹೇಳಿ ವಾಪಸ್ ಕಳಿಸಿತು. ಮನೆಯ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಅಂತಲೂ ಹೇಳಿತು. ಆ ಸಾಲನ್ನು ಎರಡು ಸಲ ಓದಿದೆ.

ಊರವರೆಲ್ಲ ಬರುವ ದೇವಸ್ಥಾನವಾದರೆ ಇನ್ನೂ ಬಿಗಿ. ಅದರ ಆಡಳಿತಕ್ಕೆ ಸ್ಕೀಮು ಮಾಡುವುದು, ಟ್ರಸ್ಟಿಯನ್ನು ತೆಗೆಯುವುದು ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಕಲಂ ಪ್ರಕಾರ ಕೋರ್ಟಿನ ಕೆಲಸ. ಅಂಥ ದಾವೆಯಲ್ಲಿ ಎರಡು ಪಕ್ಷದವರು ತಮ್ಮಲ್ಲೇ ರಾಜಿಯಾದರೂ ಕೋರ್ಟಿನ ಅನುಮತಿ ಇಲ್ಲದೆ ಆ ರಾಜಿ ನಡೆಯುವುದಿಲ್ಲ. ಯಾಕೆಂದರೆ ಎದುರಿಗೆ ನಿಂತವರು ಇಬ್ಬರೇ ಆದರೂ ದೇವಸ್ಥಾನ ಅವರಿಬ್ಬರದಲ್ಲ. ಬುಕ್ಕರಾಯ ಹದಿನೆಂಟು ನಾಡಿನವರನ್ನು ಕರೆಸಿದ್ದು ಯಾಕೆ ಅಂತ ಇದನ್ನು ಓದುವಾಗ ನನಗೆ ಅರ್ಥವಾಯಿತು. ನಾಲ್ಕು ಜನ ಮುಖಂಡರ ಕೈ ಕುಲುಕಿಸಿ ಮುಗಿಸಬಹುದಿತ್ತು. ಹಾಗೆ ಮಾಡಿದ್ದರೆ ಉಳಿದವರು 'ನಾವು ಯಾವಾಗ ಹೂಂ ಅಂದ್ವಿ?' ಅಂತ ಕೇಳುತ್ತಿದ್ದರು.

ನಮ್ಮ ಕೇಸು ಮುಗಿದದ್ದು ಲೋಕ ಅದಾಲತ್‌ನಲ್ಲಿ. ಅಪ್ಪನಿಗೆ ಚಿಕ್ಕತ್ತೆಯ ಮಾತನ್ನು ಹಾಗೇ ಹೇಳಿದ್ದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ತಂಗಿಯರಿಗೆ ಫೋನ್ ಮಾಡಿದರು. ಗದ್ದೆ, ತೋಟ 1978ರ ಕಾಗದದಂತೆ ಇರುವುದು. ಪರಿಹಾರದ ದುಡ್ಡಲ್ಲಿ ಅತ್ತೆಯರಿಗೆ ಪಾಲು. ಅಪ್ಪ ಆ ದುಡ್ಡಿನಲ್ಲಿ ಒಂದು ಪೈಸೆ ಮುಟ್ಟಲ್ಲ ಅಂದರು, ಬದಲಿಗೆ ತಮ್ಮ ತೋಟದ ಮೂಲೆಯ ಒಂದಷ್ಟು ಮರ ತಂಗಿಯರ ಹೆಸರಿಗೆ. ಚಿಕ್ಕಪ್ಪ ಮೊದಲು ಕೂಗಾಡಿದರು, ಆಮೇಲೆ ಒಪ್ಪಿದರು. ಲೋಕ ಅದಾಲತ್ ಕೊಡುವುದಕ್ಕೂ 'ಅವಾರ್ಡ್' ಅಂತಲೇ ಹೆಸರು. 1987ರ ಕಾಯ್ದೆ ಪ್ರಕಾರ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್. ನಾಲ್ಕು ಜನರೂ ಸಹಿ ಹಾಕಿದರು. ದೊಡ್ಡತ್ತೆ ಪೆನ್ನು ತಗೊಂಡು ಈ ಸಲ ಏನೂ ಕೇಳಲಿಲ್ಲ.

ಪೂಜೆಯ ಸಾಲನ್ನು ಮಾತ್ರ ವಕೀಲರು ಹೊಡೆದು ಹಾಕಿದರು. "ದೇವ್ರು ಇಲ್ಲಿ ಪಾರ್ಟಿ ಅಲ್ಲ ಯಜಮಾನ್ರೇ, ಅದನ್ನ ಇದ್ರಲ್ಲಿ ಸೇರಿಸೋದು ಬೇಡ" ಅಂದರು. ಹಾಗಾಗಿ ಅದಕ್ಕೆ ಡಿಕ್ರಿ ಇಲ್ಲ, ಅಮೀನ ಇಲ್ಲ, ಇಪ್ಪತ್ತು ಆಳೂ ಇಲ್ಲ. ಅದು ಇನ್ನೂ 1978ರ ಆ ಸವೆದ ಕಾಗದದ ಮೇಲೇ ನಡೆಯುತ್ತಿದೆ.

ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕ್ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ತೆಗೆದು ನೋಡಿ. ನೋಂದಣಿ ಆಗಿದೆಯಾ, ಪಹಣಿ ಯಾರ ಹೆಸರಲ್ಲಿದೆ ಅಂತ ನೋಡಿ. ಅದಕ್ಕಿಂತ ಮುಂಚೆ, ಕೆಳಗೆ ಯಾರ ಸಹಿ ಇಲ್ಲ ಅಂತ ನೋಡಿ. ಅವರು ಇನ್ನೂ ಇದ್ದರೆ, ರಸ್ತೆ ಅಗಲ ಮಾಡುವವರು ಬರುವ ಮೊದಲೇ ಹೋಗಿ ಮಾತಾಡಿಸಿ.

ಹೋದ ಗೌರಿ ಹಬ್ಬಕ್ಕೆ ಅಪ್ಪನ ಜೊತೆ ಬಾಗಿನ ತಗೊಂಡು ಚಿಕ್ಕತ್ತೆಯ ಮನೆಗೆ ಹೋಗಿದ್ದೆ. ಕೇಸು ಗೆದ್ದ ಮೇಲೂ ಬಾಗಿನ ಬಿಡಲ್ಲ ಅಂತ ನಗುತ್ತಾ ತಗೊಂಡರು. ಹೊರಡುವಾಗ ಬಾಗಿಲ ಹತ್ತಿರ ಅಪ್ಪನನ್ನು ಕೇಳಿದರು: "ಅಣ್ಣಾ, ಪೂಜೆ ಸರದಿ ಈ ವರ್ಷ ನಿಂದು, ಮುಂದಿನ ವರ್ಷ ಅವನದು. ನಮ್ದು ಯಾವಾಗ?"

ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಾ, "ಪಂಚರನ್ನ ಕೂರಿಸೋಣ ಬಿಡು" ಅಂದರು. ಆಮೇಲೆ ಏನೋ ನೆನಪಾದವರಂತೆ ತಿರುಗಿ ನಿಂತು ಸೇರಿಸಿದರು: "ಈ ಸಲ ಅಡುಗೆಗೆ ಬೇರೆಯವರನ್ನ ಕರೆಸ್ತೀನಿ. ನೀವು ಜಗಲಿ ಮೇಲೆ ಕೂತ್ಕೊಳ್ಳಿ."